ವೃತ್ತದ ಹೊರಗಿನ ಮನೆ

ಹೊಸಮಡ್ಡಿಯ ಬಾರಕೇರ ತಿರಕಪ್ಪ ಯಾವುದನ್ನೂ ಎರಡು ಸಲ ನೋಡದೆ ನಂಬಿದವನಲ್ಲ. ಎರಡನೆಯ ಸಲ ನೋಡಿದ ಮೇಲೆ ಮೊದಲ ಸಲ ನೋಡಿದ್ದರ ಮೇಲೂ ಅವನಿಗೆ ಸಂಶಯ ಬರುತ್ತಿತ್ತು. ಗುಡಗೇರಿ ಸಂತೆಯಲ್ಲಿ ಒಂದು ಕಿಲೋ ಬೆಲ್ಲ ಕೊಂಡರೆ ಅದನ್ನು ಇನ್ನಿಬ್ಬರ ತಕ್ಕಡಿಯಲ್ಲಿ ತೂಗಿಸಿಯೇ ಚೀಲಕ್ಕೆ ಇಳಿಸುವವನು. ಮೂರೂ ತಕ್ಕಡಿ ಒಂದೇ ತೂಕ ತೋರಿಸಿದರೆ, "ಮೂರೂ ಮಂದಿ ಕೂಡ್ಯಾರ" ಎನ್ನುವವನು. ಸ್ಟೇಶನ್ನಿಗೆ ರೈಲು ಬಂದು ನಿಂತರೆ ಹತ್ತುವ ಮೊದಲು ಕಿಟಕಿಯಲ್ಲಿ ಕೂತವರನ್ನು "ಇದು ಹುಬ್ಬಳ್ಳಿಗೇ ಹೋಗೂದೇನ್ರಿ?" ಎಂದು ಕೇಳುತ್ತಿದ್ದ. ಅದನ್ನು ನಾವೂ ಕೇಳುತ್ತೇವೆ. ಆದರೆ ನಾವು ಒಬ್ಬರನ್ನು ಕೇಳಿ ಹತ್ತಿಬಿಡುತ್ತೇವೆ. ತಿರಕಪ್ಪ ಮೂರು ಡಬ್ಬಿಗಳಲ್ಲಿ ಕೇಳಿ, ಬಂದ ಉತ್ತರಗಳನ್ನು ತಾಳೆ ನೋಡುವಷ್ಟರಲ್ಲಿ ರೈಲು ಹುಬ್ಬಳ್ಳಿಗೆ ಹೋಗಿರುತ್ತಿತ್ತು.

ಮದುವೆಯ ದಿನವೂ ಹೀಗೆಯೇ. ತಾಳಿ ಕಟ್ಟುವ ಹೊತ್ತಿಗೆ ಕೈ ತಡೆದು, ಮದುಮಗಳ ಬಾಸಿಂಗ ಸರಿಸಿ, ತನಗೆ ತೋರಿಸಿದ ಹುಡುಗಿ ಇವಳೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗಂಟು ಹಾಕಿದ್ದ. ಆ ಹುಡುಗಿ ದುರ್ಗವ್ವ. "ಅವತ್ತ ನೋಡೇ ಕಟ್ಟೀರಿ, ಮತ್ಯಾಕ ದಿನಾ ಹಿಂಗ ಗುಮಾನಿಲೆ ನೋಡತೀರಿ?" ಎಂದು ಆಕೆ ಇಂದಿಗೂ ಕೇಳುತ್ತಾಳೆ.

ತಿರಕಪ್ಪನ ಈ ಸ್ವಭಾವಕ್ಕೆ ಕಾರಣವಿಲ್ಲದಿರಲಿಲ್ಲ. ಹರೆಯದಲ್ಲಿ ಅವನು ಹೊಲ ಅಳೆಯುವವರ ಹಿಂದೆ ಸರಪಳಿ ಹಿಡಿಯಲು ಹೋಗುತ್ತಿದ್ದ. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಬಿಗಿದು ಹಿಡಿದರೆ ಬದು ಒಂದು ಕಡೆ, ಕೊಂಚ ಜೋಲು ಬಿಟ್ಟರೆ ಇನ್ನೊಂದು ಕಡೆ. ಅಳೆಯಲು ಬಂದವರಿಗೆ ಯಾರ ಮನೆಯಲ್ಲಿ ಹೋಳಿಗೆಯಾಗಿದೆಯೋ ಅವರ ಹೊಲ ಸಂಜೆಯೊಳಗೆ ನಾಲ್ಕು ಹೆಜ್ಜೆ ಅಗಲವಾಗುವುದನ್ನು ಅವನು ಸರಪಳಿಯ ತುದಿಯಲ್ಲಿ ನಿಂತೇ ಕಂಡಿದ್ದ. ಮುಂದೆ ಅಳತೆಗೆ ಹೊಸ ಯಂತ್ರ ಬಂದಾಗ, ಬೇಡವಾದ ಒಂದು ಹಳೆಯ ಸರಪಳಿ ಇವನ ಪಾಲಿಗೆ ಬಂತು. ಹನುಮಪ್ಪನ ಗುಡಿಯ ಪೌಳಿಯ ಮೇಲೆ ಎರಡು ಗೀರು ಕೆತ್ತಿ, ಅಮಾಸಿಗೊಮ್ಮೆ ಸರಪಳಿಯನ್ನು ಅದಕ್ಕೆ ಹಿಡಿದು, ಅದು ಹಿಗ್ಗಿಲ್ಲ, ಕುಗ್ಗಿಲ್ಲ ಎಂದು ನೋಡಿಕೊಂಡು ಬರುತ್ತಿದ್ದ. ಊರಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡಿದಾಗ ಕರೆ ಬರುತ್ತಿದ್ದುದು ಅವನಿಗೇ. ಅವನು ಯಾರ ಮನೆಯಲ್ಲೂ ಉಣ್ಣುತ್ತಿರಲಿಲ್ಲ, ಚಹಾ ಕೂಡ ಕುಡಿಯುತ್ತಿರಲಿಲ್ಲ. ಹೀಗಾಗಿ ಅವನ ಅಳತೆಯಿಂದ ಯಾರಿಗೂ ಸಮಾಧಾನವಾಗುತ್ತಿರಲಿಲ್ಲ.

ದುರ್ಗವ್ವ ಇದಕ್ಕೆ ತೀರ ಬೇರೆ. ಯಾರು ಏನು ಹೇಳಿದರೂ "ಹೌದೇನ್ರಿ?" ಎಂದು ನಂಬುವ ಹೆಂಗಸು. ಮನೆಯಲ್ಲಿ ಹೊಲ ಗಂಡನದು, ಎಮ್ಮೆ ಗಂಡನದು, ಮಾತೂ ಗಂಡನದು. ಆಕೆಯದು ಅಂತ ಇದ್ದದ್ದು ಹದಿನಾಲ್ಕು ಜವಾರಿ ಕೋಳಿ. ಮಗಳು ಅನ್ನಪೂರ್ಣಾ ಹುಟ್ಟಿದಾಗ ತವರಿನಿಂದ ತಂದ ಒಂದು ಹೇಂಟೆಯ ಪೀಳಿಗೆ ಅದು. ಆ ಮಗಳು ನರ್ಸ್ ಕಲಿತದ್ದೂ ಅರ್ಧ ಆ ಕೋಳಿಗಳ ತತ್ತಿಯ ಮೇಲೆಯೇ. ಅವುಗಳ ಮೇಲೆ ಮಾತ್ರ ತಿರಕಪ್ಪ ಸಂಶಯ ಪಡುತ್ತಿರಲಿಲ್ಲ. ಯಾಕೆಂದರೆ ಅವನು ಅವುಗಳತ್ತ ನೋಡುತ್ತಲೇ ಇರಲಿಲ್ಲ.

ಹಾಗಿರುವಾಗ, ಹೊಲದಲ್ಲಿ ಕಡಲೆ ಸುಲಗಾಯಿ ತುಂಬುವ ಕಾಲಕ್ಕೆ, ಮಾಂತೇಶನ ಶೆಡ್ಡಿನಲ್ಲಿ ಕೋಳಿ ಸಾಯತೊಡಗಿದವು.

ಮಾಂತೇಶ ತಿರಕಪ್ಪನ ಅಕ್ಕನ ಮಗ. ಊರಾಚೆ ಹಳ್ಳದ ದಂಡೆಗೆ ಉದ್ದನೆಯ ಶೆಡ್ಡು ಹಾಕಿ, ಯಾವುದೋ ಕಂಪನಿಯ ಬಿಳಿ ಕೋಳಿ ಸಾಕುತ್ತಿದ್ದ. ಮೊದಲ ದಿನ ಹತ್ತು ಸತ್ತವು, ಮರುದಿನ ನೂರು. ಮೂರನೆಯ ದಿನ ಎಣಿಸುವುದನ್ನು ಬಿಟ್ಟು ಅವನು ಪಶು ಆಸ್ಪತ್ರೆಗೆ ಫೋನು ಮಾಡಿದ. ಡಾಕ್ಟರರು ಬಂದು ಸತ್ತ ಕೋಳಿಗಳ ಮಾದರಿ ತೆಗೆದು ಭೋಪಾಲಕ್ಕೆ ಕಳಿಸಿದರು.

"ಭೋಪಾಲಕ್ಕ ಯಾಕ?" ಎಂದ ತಿರಕಪ್ಪ. "ಹುಬ್ಬಳ್ಳ್ಯಾಗ ಯಾರಿಗೂ ಸತ್ತ ಕೋಳಿ ಗುರುತು ಸಿಗೂದಿಲ್ಲೇನು?"

"ಅಲ್ಲಿ ದೊಡ್ಡ ಪ್ರಯೋಗಶಾಲಿ ಐತಂತ ಮಾವ."

"ದೂರ ಕಳಿಸಿದ್ರ ಏನಂತಾರು ಅಂತ ಯಾರು ಕೇಳಾಕ ಹೊಕ್ಕಾರು? ಅದಕ್ಕ ಕಳಿಸ್ಯಾರ."

ಭೋಪಾಲದಿಂದ ಉತ್ತರ ಬಂತು: ಹಕ್ಕಿ ಜ್ವರ. ಸಂಜೆಯೊಳಗೆ ಊರಿಗೆ ಎರಡು ಜೀಪು ಬಂದವು. ಒಂದು ಆಟೋ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿತು. ರೋಗ ಬಂದ ಜಾಗದಿಂದ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲ ಕೊಂದು ಹೂಳಲಾಗುವುದು, ಸರ್ಕಾರ ಪರಿಹಾರ ಕೊಡುವುದು, ಅದರಾಚೆಯವರು ಕೋಳಿ, ತತ್ತಿ ಮಾರಬಾರದು, ಯಾರೂ ಶೆಡ್ಡಿನ ಹತ್ತಿರ ಸುಳಿಯಬಾರದು. ಊರಿನ ಕಟ್ಟೆಯ ಮೇಲೆ ತಲೆಗೊಂದು ಅನುಮಾನ ಹುಟ್ಟಿತು. ಕೋಳಿ ದರ ಬೀಳಿಸಲು ದೊಡ್ಡ ಕುಳಗಳು ಮಾಡಿದ್ದು ಎಂದ ಒಬ್ಬ. ಕೊಂದ ಕೋಳಿ ಹೂಳುವುದು ಸುಳ್ಳು, ಸಂಜೆ ಜೀಪಿನಲ್ಲಿ ಸಾಗಿಸುತ್ತಾರೆ ಎಂದ ಇನ್ನೊಬ್ಬ. ತಿರಕಪ್ಪ ಎಲ್ಲವನ್ನೂ ಕೇಳಿ, ಎಲ್ಲರ ಮೇಲೂ ಸಂಶಯಪಟ್ಟು, ಪಂಚಾಯ್ತಿ ಆಫೀಸಿಗೆ ನಡೆದ.

ಅಲ್ಲಿ ಗೋಡೆಗೆ ಊರಿನ ನಕಾಶೆ ಅಂಟಿಸಿ, ಅದರ ಮೇಲೆ ಕೆಂಪು ಪೆನ್ನಿನಿಂದ ಒಂದು ವೃತ್ತ ಎಳೆದಿದ್ದರು. ಮೇಜಿನ ಹಿಂದೆ ಊರ ಲೆಕ್ಕ ಬರೆಯುವ ತಲಾಟಿ ರಘೂತ್ತಮ ಕುಳಿತಿದ್ದ. ಧಾರವಾಡದ ಆಚಾರವಂತರ ಮನೆಯ ಹುಡುಗ; ಉಳ್ಳಾಗಡ್ಡಿಯನ್ನೂ ದೂರದಿಂದ ನೋಡಿ ಬೆಳೆದವನು. ಅವನ ಪಾಲಿಗೆ ಸರ್ಕಾರ ಹೊಸಮಡ್ಡಿಯ ಕೋಳಿಗಳ ಗಣತಿ ಬರೆದಿತ್ತು. ಎರಡು ದಿನದಿಂದ ಅವನು ಮನೆ ಮನೆಯ ಹೊಸ್ತಿಲಲ್ಲಿ, ಒಂದು ಕಾಲು ಹಿಂದಿಟ್ಟೇ ಕೋಳಿ ಎಣಿಸುತ್ತಿದ್ದ.

"ನಿಮ್ಮ ಓಣಿ ಒಳಗ ಬರತದ ನೋಡ್ರಿ, ತಿರಕಪ್ಪನವರ."

"ಎಷ್ಟು ಒಳಗರಿ?"

"ಹದಿನೈದು ಮೀಟರ್ ಅಂತದ ಇದು."

"ಇದು ಅಂದ್ರ ಯಾರ್ರಿ?"

"ಮೊಬೈಲು."

"ಅದರ ಸರಪಳಿ ಹಿಡದಾವ ಯಾರು?"

"ಯಾರೂ ಹಿಡಿಯೂದಿಲ್ಲರಿ. ಉಪಗ್ರಹ. ಮ್ಯಾಲಿಂದ ನೋಡತದ."

"ಮ್ಯಾಲಿಂದ ನೋಡಿದ್ರ ಎಲ್ಲಾ ಹತ್ರನ ಕಾಣತೈತ್ರಿ. ವಿಮಾನದಾಗ ಕೂತಾವಗ ಗುಡಗೇರಿ, ಹುಬ್ಬಳ್ಳಿ ಎರಡೂ ಒಂದ ಊರು."

ರಘೂತ್ತಮ ಮೊಬೈಲಿನ ಪರದೆಯನ್ನು ಅವನತ್ತ ತಿರುಗಿಸಿದ. ವೃತ್ತದ ನಡುವೆ ಒಂದು ಕೆಂಪು ಚುಕ್ಕೆ ಇತ್ತು. ತಿರಕಪ್ಪ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಚುಕ್ಕೆ ಕುಳಿತದ್ದು ಶೆಡ್ಡಿನ ಗೇಟಿನ ಮೇಲೆ. ಗೇಟು ಇರುವುದು ಊರ ಕಡೆಗೆ. ಶೆಡ್ಡು ಅಲ್ಲಿಂದ ಹಳ್ಳದತ್ತ ಉದ್ದಕ್ಕೆ ಚಾಚಿಕೊಂಡಿದೆ, ಇನ್ನೂರು ಅಡಿ. ಮಾಂತೇಶ ಹೇಳಿದ್ದು ಅವನಿಗೆ ನೆನಪಿತ್ತು: ಮೊದಲು ಸತ್ತ ಕೋಳಿಗಳೆಲ್ಲ ಹಳ್ಳದ ಕಡೆಯ ತುದಿಯಲ್ಲೇ ಬಿದ್ದಿದ್ದವು.

ತಿರಕಪ್ಪನ ಕಣ್ಣು ಬಹಳ ವರ್ಷಗಳ ಮೇಲೆ ಹೊಳೆಯಿತು. ಯಾರೋ ಸರಪಳಿ ಸಡಿಲು ಬಿಟ್ಟಿದ್ದರು.

ಮರುದಿನ ಮುಂಜಾನೆ, ಇಬ್ಬನಿ ಆರುವ ಮೊದಲು, ಅವನು ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟ. ಸರಪಳಿಗೆ ಎರಡು ತುದಿ, ಎರಡು ಕೈ ಬೇಕು. ಊರಲ್ಲಿ ಬೇರೆ ಯಾರನ್ನು ಕರೆದರೂ ಅವರ ಮನೆಯೂ ಆ ವೃತ್ತದ ಒಳಗೋ ಹೊರಗೋ ಇದ್ದೇ ಇರುತ್ತದೆ; ಅಂಥವರ ಕೈಯನ್ನು ಹೇಗೆ ನಂಬುವುದು?

ಗೇಟಿನಲ್ಲಿ ಕಾವಲಿಗಿದ್ದ ಹೋಮಗಾರ್ಡು ಚರಿಗೆ ಹಿಡಿದು ಹಳ್ಳದ ಕಡೆ ಹೋಗಿದ್ದ.

"ಒಳಗ ಹೋಗಬ್ಯಾಡ್ರಿ ಅಂತ ಮೈಕಿನಾಗ ಒದರ್ಯಾರಲ್ರಿ" ಎಂದಳು ದುರ್ಗವ್ವ.

"ಯಾಕ ಒದರ್ಯಾರ? ಒಳಗ ಹೋದ್ರ ಖರೆ ಅಳತಿ ಸಿಗತೈತಿ ಅಂತ."

"ರೋಗ ಐತಂತ."

"ಐತಂತ, ಐತಂತ! ನೀ ನೋಡೀ ಏನು? ನೀ ಇಲ್ಲೇ ನಿಂದ್ರು."

ಶೆಡ್ಡಿನ ಒಳಗೆ ಮೂಗು ಉರಿಯುವ ವಾಸನೆ. ನೀರಿನ ನಳಿಕೆ ಸೋರಿ, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಹಿಕ್ಕೆಯ ಜೊತೆ ಕಲಸಿ ಕೆಸರಾಗಿತ್ತು. ಸತ್ತವು ಸತ್ತಲ್ಲೇ ಇದ್ದವು. ಸಾಯದೆ ಉಳಿದವು ಒಂದಕ್ಕೊಂದು ಆತು, ಕುತ್ತಿಗೆ ಜೋಲಿಸಿ, ಜುಟ್ಟು ನೇರಳೆಗಟ್ಟಿ ನಿಂತಿದ್ದವು. ತಿರಕಪ್ಪ ಅವುಗಳ ನಡುವೆ ದಾರಿ ಮಾಡಿಕೊಂಡು ಹಳ್ಳದ ತುದಿಗೆ ಹೋದ. ಸರಪಳಿಯ ಒಂದು ತುದಿಯನ್ನು ಹಿಂದಿನ ಕಂಬದ ಬುಡಕ್ಕೆ ಒತ್ತಿಟ್ಟು, ಇನ್ನೊಂದನ್ನು ಎಳೆಯುತ್ತ ಬಂದ. ಶೆಡ್ಡಿನ ಒಳಗಿನ ಅಳತೆಯನ್ನು ಒಬ್ಬನೇ, ಗೂಟ ನೆಟ್ಟು ನೆಟ್ಟು ಮುಗಿಸಿದ. ಗೇಟಿನಿಂದ ಮುಂದೆ ದುರ್ಗವ್ವ ಕೈ ಹಾಕಿದಳು. ರಸ್ತೆ ಬಿಟ್ಟು, ಹೊಲಗಳನ್ನು ಅಡ್ಡ ಹಾಯ್ದು, ಗುಡಿಯ ಗೋಪುರದ ಗುರುತಿಗೆ ನೇರ ಗೆರೆ.

"ಬಿಗಿ ಹಿಡಿ."

"ಬಿಗೀನ ಹಿಡದೀನ್ರಿ."

"ಸಡ್ಲ ಐತಿ."

"ನನ್ನ ಕೈ ಸಡ್ಲ ಇದ್ರ ನಿಮ್ಮ ಸಂಸಾರ ಇಲ್ಲೀತನಕ ಬರತಿತ್ತೇನು? ಮುಂದ ನಡೀರಿ."

ಲೆಕ್ಕ ತಪ್ಪದಿರಲೆಂದು ತಿರಕಪ್ಪ ಒಂದೊಂದು ಸರಪಳಿಗೆ ಒಂದೊಂದು ಕಡಲೆ ಗಿಡ ಕಿತ್ತು ಹೆಂಡತಿಯ ಉಡಿಗೆ ಹಾಕುತ್ತ ಬಂದ. ಕಿಲೋಮೀಟರು ಅಂದರೆ ನೂರು ಸರಪಳಿಗೆ ಕೂದಲೆಳೆ ಕಡಿಮೆ ಎಂಬುದು ಅವನಿಗೆ ಬಾಯಿಪಾಠ. ತಮ್ಮ ಅಂಗಳಕ್ಕೆ ಬಂದು, ಉಡಿ ಕೊಡವಿ ಎಣಿಸಿದರೆ ನೂರನಾಲ್ಕು ಗಿಡ. ಮನೆ ವೃತ್ತದ ಹೊರಗಿತ್ತು! ಇಬ್ಬರೂ ಅಲ್ಲೇ ಕುಳಿತು ಆ ಲೆಕ್ಕವನ್ನು ಸುಟ್ಟು ತಿಂದರು. ಸಿಪ್ಪೆಗೆ ಕೋಳಿಗಳು ಮುತ್ತಿದವು, ತಿರಕಪ್ಪನ ಚಪ್ಪಲಿಯ ಸುತ್ತ ಕೆದರಿದವು, ಅಂಗಳದಲ್ಲಿ ಬಿದ್ದಿದ್ದ ಸರಪಳಿಯ ಕೊಂಡಿ ಕೊಂಡಿಗೆ ಮೆತ್ತಿದ್ದನ್ನು ಹೆಕ್ಕಿದವು.

"ನಿಮ್ಮ ಸಂಶಯ ಒಮ್ಮೆರ ನನ್ನ ಉಪಯೋಗಕ್ಕ ಬಂತು ನೋಡ್ರಿ" ಎಂದಳು ದುರ್ಗವ್ವ. ತಿರಕಪ್ಪನಿಗೆ ಮದುವೆಯಾದಂದಿನಿಂದ ಹೆಂಡತಿಯ ಬಾಯಲ್ಲಿ ಇಂಥ ಮಾತು ಕೇಳಿದ ನೆನಪಿರಲಿಲ್ಲ.

ಪಂಚಾಯ್ತಿಯಲ್ಲಿ ಅಂದು ಡಾಕ್ಟರ್ ಶುಭಾ ಇದ್ದರು. ತಾಲೂಕಿನ ಪಶುವೈದ್ಯರು, ನಾಲ್ಕು ದಿನದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ತಿರಕಪ್ಪನ ಮಾತನ್ನು ಅರ್ಧಕ್ಕೆ ತುಂಡರಿಸದೆ ಕೇಳಿದರು. ಆಮೇಲೆ ರಘೂತ್ತಮನ ಮೊಬೈಲು ಇಸಿದುಕೊಂಡು, ಕೆಂಪು ಚುಕ್ಕೆಯನ್ನು ಬೆರಳಿನಿಂದ ಶೆಡ್ಡಿನ ಹಿಂದಿನ ತುದಿಗೆ ಸರಿಸಿದರು.

"ಒಂದು ಸಾವಿರದ ನಲವತ್ತಾರು ಮೀಟರ್" ಎಂದರು. "ನಿಮ್ಮ ಸರಪಳಿ ಏನಂತದ?"

"ನೂರನಾಲ್ಕು ಸರಪಳಿರಿ. ಅಷ್ಟ ಆತು."

ಸರಪಳಿ, ಉಪಗ್ರಹ ಎರಡೂ ಒಂದೇ ಮಾತು ಹೇಳಿದ್ದನ್ನು ಕೇಳಿ ತಿರಕಪ್ಪನಿಗೆ ಒಂದು ಗಳಿಗೆ ತನ್ನ ಸರಪಳಿಯ ಮೇಲೆಯೇ ಸಂಶಯ ಬಂತು.

"ನೀವು ಹೇಳೂದು ಖರೆ ಅದ" ಎಂದರು ಡಾಕ್ಟರು. "ಮೊದಲು ರೋಗ ಕಂಡ ಜಾಗಾನ ಹಿಡಿಬೇಕಿತ್ತು. ರಘೂತ್ತಮ, ಇವರ ಓಣಿ ಹೊರಗ ತಗೀರಿ." ಬಾಗಿಲಲ್ಲಿ ನೆರೆದಿದ್ದ ಓಣಿಯ ಜನ ಹೋ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು: "ಅಂದಂಗ, ಆ ಹಿಂದಿನ ತುದಿಗೆ ಸರಪಳಿ ಹಿಡದವರು ಯಾರು?"

"ನಾನರಿ. ಬ್ಯಾರೇದವರನ್ನ ನಂಬಾಕ ಆಗತೈತೇನ್ರಿ?"

"ಒಳಗ ಹೋಗಿದ್ರಿ?"

"ಒಳಗ ಹೋಗದ ಅಳತಿ ಹ್ಯಾಂಗ್ರಿ? ಅಗದಿ ಕಂಬದ ಬುಡದಿಂದ ಹಿಡದೀನಿ."

ಡಾಕ್ಟರ ಕಣ್ಣು ನಿಧಾನವಾಗಿ ಕೆಳಗಿಳಿದು ಅವನ ಚಪ್ಪಲಿಗಳ ಮೇಲೆ ನಿಂತವು. "ಇವ ಚಪ್ಪಲೀನ?" ಎಂದರು. ರಘೂತ್ತಮ ತನ್ನೆರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡ. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

"ನೋಡ್ರಿ ತಿರಕಪ್ಪನವರ. ನಿಮ್ಮ ಮನಿ ಹೊರಗ ಬಂತು. ಆದ್ರ ನೀವು ಒಳಗ ಹೋಗಿ ಬಂದೀರಿ. ಆ ರೋಗ ಕೋಳಿ ಹಿಕ್ಕಿಯಾಗ ಇರತದ, ಕಾಲಿಗೆ ಹತ್ತಿ ಬರತದ. ಚಪ್ಪಲಿ ಸುಡ್ರಿ. ಕೋಳಿ ಹೊರಗ ಬಿಡಬ್ಯಾಡ್ರಿ, ಯಾವುದಾದರೂ ಮಂಕಾದ್ರ ಆ ಕ್ಷಣಕ್ಕ ಬಂದು ಹೇಳ್ರಿ. ಇಬ್ಬರೂ ಗುಳಿಗಿ ತಗೊಳ್ರಿ. ಮತ್ತ ಆ ಸರಪಳಿ ನಮಗ ತಂದು ಕೊಡ್ರಿ, ಔಷಧದಾಗ ಅದ್ದಿ ತಿರುಗಿ ಕೊಡತೇವಿ."

ಮೊದಲಿನ ಮಾತುಗಳನ್ನೆಲ್ಲ ತಲೆದೂಗಿ ಕೇಳುತ್ತಿದ್ದ ತಿರಕಪ್ಪ ಕೊನೆಯ ಮಾತಿಗೆ ತಲೆ ನಿಲ್ಲಿಸಿದ. ಸರಪಳಿ ಯಾಕೆ ಬೇಕು ಇವರಿಗೆ? ಸರ್ಕಾರದ ಅಳತೆ ತಪ್ಪೆಂದು ಹೇಳಿದ್ದು ಈ ಊರಲ್ಲಿ ಅದೊಂದೇ. ಅದು ಔಷಧಿಯ ಹಂಡೆಯಲ್ಲಿ ಮುಳುಗಿಹೋದರೆ ನಾಳೆ ಚುಕ್ಕೆಯನ್ನು ಮತ್ತೆ ಗೇಟಿಗೆ ಸರಿಸಿ, "ಎಲ್ಲೈತಪಾ ನಿನ್ನ ಸಾಕ್ಷಿ?" ಎಂದು ಕೇಳುವುದಿಲ್ಲ ಎಂಬ ಖಾತ್ರಿ ಏನು?

"ಮುಂಜಾನೆ ಹಳ್ಳದಾಗ ಬಿತ್ರಿ" ಎಂದ.

ಮನೆಗೆ ಬಂದು ಚಪ್ಪಲಿಯನ್ನು ಸುಟ್ಟ; ಅವು ಹೇಗೂ ಹಳೆಯವು. ಗುಳಿಗೆಯನ್ನು ದುರ್ಗವ್ವ ಕೈಗೆ ಬಂದ ಕೂಡಲೇ ನುಂಗಿದಳು. ಆಕೆಗೆ ಏನೂ ಆಗಲಿಲ್ಲವೆಂಬುದನ್ನು ಸಂಜೆಯವರೆಗೆ ನೋಡಿ ತಿರಕಪ್ಪ ತನ್ನದನ್ನು ನುಂಗಿದ. ಸರಪಳಿಯನ್ನು ಎಲ್ಲಿಡಬೇಕೆಂಬುದು ದೊಡ್ಡ ಪ್ರಶ್ನೆಯಾಯಿತು. ಅಟ್ಟ, ಕಾಳಿನ ಹಗೇವು, ಹೊಟ್ಟಿನ ಬಣವೆ, ಎಲ್ಲವನ್ನೂ ಹುಡುಕುವವರು ಮೊದಲು ಹುಡುಕುತ್ತಾರೆ. ಹೊಸ್ತಿಲ ಹೊರಗೇ ಒಂದು ಕಾಲು ಬಿಟ್ಟು ಕೋಳಿ ಎಣಿಸುವ ತಲಾಟಿ ಜನ್ಮದಲ್ಲಿ ಕೈ ಹಾಕದ ಜಾಗ ಯಾವುದು? ಯೋಚಿಸಿ ಯೋಚಿಸಿ ತಿರಕಪ್ಪ ಸರಪಳಿಯನ್ನು ಸುರುಳಿ ಸುತ್ತಿ, ಕೋಳಿ ಗೂಡಿನೊಳಗೆ, ಹಾಸಿದ ಹುಲ್ಲಿನ ಕೆಳಗೆ ಇಟ್ಟ. ಅಷ್ಟು ಜಾಣತನ ತನ್ನದೇ ಹೌದೋ ಅಲ್ಲವೋ ಎಂಬಂತೆ ಇನ್ನೊಮ್ಮೆ ಬಗ್ಗಿ ನೋಡಿ ಬಾಗಿಲು ಹಾಕಿದ. ಡಾಕ್ಟರು ಹೇಳಿದಂತೆ ದುರ್ಗವ್ವ ಅವತ್ತಿನಿಂದ ಕೋಳಿಗಳನ್ನು ಹೊರಗೆ ಬಿಡಲಿಲ್ಲ. ಹದಿನಾಲ್ಕೂ ಹಗಲೂ ರಾತ್ರಿ ಆ ಹುಲ್ಲಿನ ಮೇಲೆಯೇ.

ಮುಂದಿನ ಎರಡು ದಿನ ತಿರಕಪ್ಪನ ಜೀವನದಲ್ಲಿ ಬಲು ಮರ್ಯಾದೆಯ ದಿನಗಳು. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟ ಇಲಾಖೆಯವರು ಮಾಂತೇಶನ ಶೆಡ್ಡನ್ನು ಖಾಲಿ ಮಾಡಿ, ಹಳ್ಳದ ಬಾಜೂ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದರು. ಆಚೆ ಓಣಿಗಳಲ್ಲಿ ಕೋಳಿ ಹಿಡಿದರು. ಈ ಓಣಿಯ ಮೂಲೆಗೆ ಬಂದು ನಿಂತು ಹಿಂತಿರುಗಿದರು. ಬಾಜೂ ಮನೆಯ ಜಮೀಲಾಬಿ ಗೋಡೆಯ ಮೇಲಿಂದ ಚಹಾದ ಲೋಟ ಚಾಚಿದಳು.

"ಕುಡೀರಿ ಕಾಕಾ. ನೀವು ಇರಲಿಲ್ಲಾಂದ್ರ ನನ್ನ ಆರು ಕೋಳಿ ಇವತ್ತ ಗುಂಡ್ಯಾಗ ಇರತಿದ್ವು."

ತಿರಕಪ್ಪ ಲೋಟ ನೋಡಿದ. "ಈಗ್ಯಾಕ ಚಾ?"

"ಅಯ್ಯ ನಿಮ್ಮ! ಕಾಕೂಗ ಕುಡಿಸಿ ನೋಡಿ ಆಮ್ಯಾಲೆ ಕುಡೀರಿ ಬೇಕಾದ್ರ."

ಅಳತೆಯ ವಿಷಯಕ್ಕೆ ಅವನು ಕುಡಿದ ಮೊದಲ ಚಹಾ ಅದು. ಬಿಸಿಯಾಗಿ, ಸಿಹಿಯಾಗಿ, ಸ್ವಲ್ಪ ಏಲಕ್ಕಿ ಹಾಕಿ ಮಾಡಿದ್ದಳು. ದಿನಕ್ಕೊಮ್ಮೆ ಡಾಕ್ಟರ ಕಡೆಯವನೊಬ್ಬ ಬಂದು "ಕೋಳಿ ಹ್ಯಾಂಗದಾವ್ರಿ?" ಎಂದು ಕೇಳಿದರೆ, ತಿರಕಪ್ಪ ಬಾಗಿಲಿಗೆ ಅಡ್ಡ ನಿಂತು, "ಇದು ವೃತ್ತದ ಹೊರಗಿನ ಮನಿ" ಎಂದಷ್ಟೇ ಹೇಳಿ ಕಳಿಸುತ್ತಿದ್ದ.

ಮೂರನೆಯ ಮುಂಜಾನೆ ದುರ್ಗವ್ವ ಗೂಡು ತೆರೆದವಳು ಅಲ್ಲೇ ಕುಳಿತುಬಿಟ್ಟಳು. ಕಂದು ಹೇಂಟೆಯೊಂದು ಮೂಲೆಗೆ ಆತು, ರೆಕ್ಕೆ ಜೋಲಿಸಿ, ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಮುಂದೆ ಹಾಕಿದ ಜೋಳದ ಕಾಳಿನತ್ತ ನೋಡಲಿಲ್ಲ. ಗಂಡನನ್ನು ಕರೆದಳು. ತಿರಕಪ್ಪ ಬಗ್ಗಿ ನೋಡಿದ. ಜುಟ್ಟಿನ ತುದಿಯ ಬಣ್ಣವನ್ನು ಅವನು ಮೊದಲು ಎಲ್ಲಿ ಕಂಡಿದ್ದನೆಂದು ಅವನಿಗೆ ತಕ್ಷಣ ಗೊತ್ತಾಯಿತು, ಗೊತ್ತಾಗದವನ ಹಾಗೆ ಎದ್ದು ನಿಂತ.

"ಥಂಡಿ ಹತ್ತೇತಿ" ಎಂದ.

"ಹೌದೇನ್ರಿ?"

"ಅರಿಷಿಣ ಅರದು ಹಾಕು. ಸಂಜಿಮಟ ಅರಾಮ ಆಗತೈತಿ."

"ಡಾಕ್ಟರ ಕಡಿಯಿಂದ ಕೇಳಾಕ ಬರಾವಗ ಏನ ಹೇಳ್ಲಿ?"

"ಯಾರಿಗೂ ಹೇಳಬ್ಯಾಡ. ಒಂದ ಕೋಳಿ. ಹಿತ್ತಲದಾಗ ಹುಗದ್ರ ಯಾರಿಗೆ ಗೊತ್ತಾಗತೈತಿ?"

ದುರ್ಗವ್ವ ಆ ಕೋಳಿಯನ್ನು ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡಳು. ಆಕೆಯ ಕಣ್ಣು ಹುಲ್ಲಿನ ಮೇಲಿತ್ತು. ಕೋಳಿಗಳು ಕೆದರಿ ಕೆದರಿ ಹುಲ್ಲು ಸರಿದು, ಕೆಳಗಿನಿಂದ ಕಬ್ಬಿಣದ ಒಂದು ಕೊಂಡಿ ಇಣುಕಿತ್ತು. ಅದಕ್ಕೆ ಒಣಗಿದ ಭತ್ತದ ಹೊಟ್ಟು ಅಂಟಿಕೊಂಡಿತ್ತು. ಅದನ್ನು ನೋಡಿದಳು, ಗಂಡನನ್ನು ನೋಡಿದಳು.

"ಡಾಕ್ಟರಿಗೆ ಹಳ್ಳದಾಗ ಬಿತ್ತು ಅಂದಿದ್ರಂತಲ್ರಿ" ಎಂದಳು.

ತಿರಕಪ್ಪ ಕೈ ಚಾಚಿ ಹುಲ್ಲು ಎಳೆದು ಕೊಂಡಿಯನ್ನು ಮುಚ್ಚಿದ.

"ತಕ್ಕಡಿ ಮ್ಯಾಲೆ ಸಂಶಯ ಪಟ್ರಿ, ರೈಲಿನ ಮ್ಯಾಲೆ ಪಟ್ರಿ, ತಾಳಿ ಕಟ್ಟೂ ಮುಂದ ನನ್ನ ಮಾರಿ ಮ್ಯಾಲೆ ಪಟ್ರಿ. ಊರ ಮಂದಿ ಒಬ್ಬರನ್ನೂ ಬಿಡಲಿಲ್ಲ. ಈ ಕೋಳಿ ಮ್ಯಾಲೆ ಮಾತ್ರ ಥಂಡಿ ಅಂತ ಅಗದಿ ಗಟ್ಟಿ ನಂಬಿಗಿ ಬಂತೇನ್ರಿ ನಿಮಗ?"

ಅವನು ಹೊಸ್ತಿಲಲ್ಲಿ ಕುಳಿತ. ಗೋಡೆಯಾಚೆ ಜಮೀಲಾಬಿಯ ಹುಂಜ ಕೂಗಿತು. ಆ ಹುಂಜ ದಿನಾ ಇವರ ಗೂಡಿನ ಬಳಿ ಬಂದು ಚೆಲ್ಲಿದ ಕಾಳು ಹೆಕ್ಕಿ ಹೋಗುತ್ತಿತ್ತು. ಎರಡು ದಿನವೂ ಬಂದಿತ್ತು.

"ನೀವು ಹೋಗಿ ಹೇಳತೀರೋ, ನಾ ಹೋಗಲೋ?"

ಪಂಚಾಯ್ತಿ ಆಫೀಸು ದೂರವಿಲ್ಲ. ಆ ದಾರಿಯಲ್ಲಿ ತಿರಕಪ್ಪ ಮೂರು ಸುಳ್ಳು ಹೊಂದಿಸಿದ: ಕಾಗೆ ತಂದಿತು, ಸಂತೆಯಿಂದ ಬಂದ ಯಾರೋ ತಂದರು, ಬಿಳಿ ಅಂಗಿಯವರೇ ತಂದರು. ಮೂರನ್ನೂ ಒಂದಕ್ಕೊಂದು ಹಿಡಿದು ನೋಡಿದ. ಒಂದೂ ಅವನಿಗೇ ನಂಬಿಕೆ ಬರುವಂತೆ ಇರಲಿಲ್ಲ. ಇಂಥ ವಿಷಯದಲ್ಲಿ ಅವನನ್ನು ಮೋಸಗೊಳಿಸುವುದು ಯಾರಿಗೂ ಸುಲಭವಿರಲಿಲ್ಲ. ಡಾಕ್ಟರ ಮುಂದೆ ನಿಂತು, "ಒಂದು ಕೋಳಿ ಮಂಕಾಗೇತ್ರಿ" ಎಂದ.

"ಎಂದಿನಿಂದ?"

"ಇವತ್ತ ಮುಂಜಾನಿಂದ." ಆಮೇಲೆ, ಯಾರೂ ಕೇಳದೆ ಇದ್ದಾಗಲೂ, "ಸರಪಳಿ ಹಳ್ಳದಾಗ ಬಿದ್ದಿದ್ದಿಲ್ರಿ" ಎಂದ.

"ಮತ್ತೆ ಎಲ್ಲದ?"

"ಗೂಡಿನಾಗ್ರಿ."

"ಯಾವ ಗೂಡು?"

"ಕೋಳಿ ಗೂಡು."

ಡಾಕ್ಟರ್ ಶುಭಾ ಬಯ್ಯುತ್ತಾರೆಂದು ಅವನು ತಯಾರಾಗಿ ನಿಂತಿದ್ದ. ಅವರು ಬಯ್ಯಲಿಲ್ಲ. ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡು ಎದ್ದರು. ಮನೆಗೆ ಬಂದು ನೋಡುವ ಹೊತ್ತಿಗೆ ಇನ್ನೂ ಎರಡು ಕೋಳಿ ಗೋಡೆಗೆ ಆತಿದ್ದವು. ಮಾದರಿ ತೆಗೆದರು, ಮೇಲಿನವರಿಗೆ ಫೋನು ಹೋಯಿತು, ಮಧ್ಯಾಹ್ನದ ಹೊತ್ತಿಗೆ ಹೊಸ ಆದೇಶ ಬಂತು. ರಘೂತ್ತಮ ಹೊಸ್ತಿಲಾಚೆ ನಿಂತು ಮೊಬೈಲಿನ ಕೆಂಪು ಚುಕ್ಕೆಯನ್ನು ಶೆಡ್ಡಿನಿಂದ ಎತ್ತಿ ತಿರಕಪ್ಪನ ಅಂಗಳದಲ್ಲಿ ಇಟ್ಟ. ವೃತ್ತ ಉರುಳಿ ಬಂದು ಇಡೀ ಹೊಸಮಡ್ಡಿಯ ಮೇಲೆ ಕುಳಿತಿತು.

"ಈ ಸಲ ಬರೋಬ್ಬರಿ ನಡುವ ಅದನೋ ಇಲ್ಲೋ, ನೀವ ನೋಡ್ರಿ" ಎಂದ ರಘೂತ್ತಮ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ತಿರಕಪ್ಪ ಪರದೆಯನ್ನು ನೋಡಲಿಲ್ಲ.

ಗೋಡೆಯ ಮೇಲೆ ಜಮೀಲಾಬಿಯ ಮುಖ ಕಂಡಿತು. "ಕಾಕಾ, ನಮ್ಮವು?"

"ನಿಮ್ಮವೂ."

"ನಿನ್ನಿ ಹೊರಗಿದ್ವಲ್ರಿ?"

"ನಿನ್ನಿ ಆ ಚುಕ್ಕಿ ಮಾಂತೇಶನ ಮ್ಯಾಲಿತ್ತು. ಇವತ್ತ ನನ್ನ ಮ್ಯಾಲೆ ಬಂದೈತಿ. ನಾನ ತಂದೆ, ಜಮೀಲಾ. ಸರಪಳಿಗೆ ಹತ್ತಿ ಬಂತು."

ಆಕೆ ಗೋಡೆಯ ಕೆಳಗೆ ಇಳಿದಳು. ಸಂಜೆಯೊಳಗೆ ಕಟ್ಟೆಯ ಮೇಲೆ ಹೊಸ ಸುದ್ದಿ ತಯಾರಾಗಿತ್ತು: ತಿರಕಪ್ಪ ಹಳೆಯ ಸರ್ಕಾರಿ ಮನುಷ್ಯ, ಉಳಿದ ಓಣಿಗಳ ಕೋಳಿ ಕೊಲ್ಲಲು ನೆವ ಬೇಕಿತ್ತು, ಅದಕ್ಕೆ ಅವನ ಕೈಯಲ್ಲೇ ರೋಗ ತರಿಸಿದರು, ಅವನಿಗೆ ಒಳಗಿನಿಂದ ಏನೋ ಸಂದಾಯವಾಗಿದೆ. ಇಷ್ಟು ಚೊಕ್ಕವಾದ ಸಂಶಯವನ್ನು ಆ ಊರಲ್ಲಿ ಬೇರೆ ಯಾರ ಮೇಲಾದರೂ ಹೊರಿಸಿದ್ದರೆ ಅದನ್ನು ಮೊದಲು ನಂಬುತ್ತಿದ್ದವನು ತಿರಕಪ್ಪನೇ.

ಬಿಳಿ ಅಂಗಿಯವರು ಅಂಗಳಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಗೂಡಿನ ಬಾಗಿಲು ತೆಗೆದದ್ದೇ ತಡ, ನಡೆಯುವ ಶಕ್ತಿ ಇದ್ದ ಕೋಳಿಗಳೆಲ್ಲ ಆ ವೇಷಗಳನ್ನು ಕಂಡು ಬೆದರಿ ಹಾರಿದವು. ಕೆಲವು ಹಿತ್ತಲಿನ ಜಾಲಿ ಗಿಡದ ಮೇಲೆ, ಕೆಲವು ಬಣವೆಯ ಮೇಲೆ. ಬೆನ್ನಟ್ಟಿದಷ್ಟೂ ದೂರ ಹೋದವು. ಆ ಗದ್ದಲದಲ್ಲಿ ಒಂದು ಗೋಡೆ ಹಾರಿ ಓಣಿಗೆ ಬಿದ್ದರೆ ರೋಗ ಇನ್ನೆಲ್ಲಿಗೋ.

"ಅವ್ವಾರ, ನೀವು ಕರದ್ರ ಬರತಾವಲ್ಲ?" ಎಂದು ಡಾಕ್ಟರು ದುರ್ಗವ್ವನನ್ನು ಕೇಳಿದರು.

ದುರ್ಗವ್ವ ಗಂಡನ ಕಡೆ ತಿರುಗಿದಳು. "ನೀವ ಕರೀರಿ."

ತಿರಕಪ್ಪ ಮುಷ್ಟಿಯಲ್ಲಿ ಜೋಳ ಹಿಡಿದು ಅಂಗಳದ ನಡುವೆ ಕುಳಿತ. ಅವನಿಗೆ ಕೋಳಿ ಕರೆಯಲು ಬರುತ್ತಿರಲಿಲ್ಲ. ಎಮ್ಮೆಯನ್ನು ಕರೆದಂತೆ ಕರೆದ, ಬೆಕ್ಕನ್ನು ಕರೆದಂತೆ ಕರೆದ. ದುರ್ಗವ್ವನ ಹುಂಜ ಬಣವೆಯ ಮೇಲಿಂದ ತಲೆ ಓರೆ ಮಾಡಿ, ಒಂದೇ ಕಣ್ಣಿನಿಂದ ಅವನನ್ನು ನೋಡಿತು. ಆಮೇಲೆ ತಲೆ ತಿರುಗಿಸಿ, ಖಾತ್ರಿ ಮಾಡಿಕೊಳ್ಳಲೆಂಬಂತೆ, ಇನ್ನೊಂದು ಕಣ್ಣಿನಿಂದ ನೋಡಿತು. ಎರಡು ಹೆಜ್ಜೆ ಹಿಂದೆ ಸರಿಯಿತು. ತಾನು ನೋಡಿದವರಿಗೆಲ್ಲ ಹೇಗನ್ನಿಸಿರಬಹುದು ಎಂಬುದನ್ನು ತಿರಕಪ್ಪ ಆ ವಯಸ್ಸಿಗೆ ಒಂದು ಹುಂಜದಿಂದ ತಿಳಿದುಕೊಂಡ. ಕಾಳು ಅವನ ಅಂಗೈಯ ಬೆವರಿಗೆ ಅಂಟಿಕೊಂಡಿತು. ಒಂದೂ ಬರಲಿಲ್ಲ.

ಕೊನೆಗೆ ದುರ್ಗವ್ವ ಬಂದು ಅವನ ಪಕ್ಕದಲ್ಲಿ ಕುಳಿತಳು. ಅವನ ಬೆರಳುಗಳನ್ನು ಬಿಡಿಸಿ ಜೋಳ ತನ್ನ ಕೈಗೆ ತೆಗೆದುಕೊಂಡಳು. ನಾಲಿಗೆಯಿಂದ ಸಣ್ಣಗೆ ಲೊಚಗುಟ್ಟಿದಳು, ದೊಡ್ಡ ದನಿಯೂ ಅಲ್ಲ. ಜಾಲಿಯಿಂದ ಒಂದು ಇಳಿಯಿತು. ಬಣವೆಯಿಂದ ಎರಡು. ಹುಂಜ ಕಡೆಗೆ ಬಂತು. ಸುತ್ತ ನಿಂತ ಬಿಳಿ ಅಂಗಿಗಳನ್ನು ಅವು ಮರೆತೇಬಿಟ್ಟವು. ಆಕೆಯ ಸೀರೆಯ ನೆರಿಗೆಯನ್ನು ತುಳಿದು, ಮೊಣಕಾಲಿಗೆ ಒರಗಿ, ಅಂಗೈಗೇ ಕೊಕ್ಕು ಹಾಕಿದವು.

ಮೊದಲನೆಯದನ್ನು ಎರಡೂ ಕೈಯಿಂದ ಎತ್ತಿ, ರೆಕ್ಕೆ ಒತ್ತಿ ಹಿಡಿದು, ದುರ್ಗವ್ವ ಡಾಕ್ಟರ ಕಡೆ ಚಾಚಿದಳು.

"ಲಗೂ ಮುಗಸ್ರಿ ಬಾಯಾರ" ಎಂದಳು. "ಇವಕ್ಕ ನನ್ನ ಮ್ಯಾಲೆ ಸಂಶಯ ಬರೂದರಾಗ ಮುಗಸ್ರಿ."